ಹಿನ್ನೀರಿನ ಬೊಡ್ಡೆ

ಬೆಂಗಳೂರು
4 ನವೆಂಬರ್ 1996

ಶ್ರೀ ಮಂಚಯ್ಯನವರಿಗೆ,

ಇದು ಕೆಲಸದ ಕಾಗದ. ನಿಮ್ಮ ತಂಗಿ ಸೋಮಮ್ಮನ ಮಗಳು ಪವಿತ್ರ ಬರೆಯುತ್ತಿದ್ದೇನೆ. ಹತ್ತು ವರ್ಷದಿಂದ ಮಾತಿಲ್ಲದವರು ಹೆಸರು ಹೇಳಿಕೊಂಡೇ ಶುರು ಮಾಡಬೇಕಾಗುತ್ತದೆ.

ನಾನಿರುವ ಸಂಸ್ಥೆಗೆ ಒಂದು ವಿಮಾನ ಕಂಪನಿ ಕೆಲಸ ಕೊಟ್ಟಿದೆ. ನಾಗಮಂಗಲ, ಕೆ.ಆರ್. ಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ, ಈ ನಾಲ್ಕು ಊರಿಗೆ ಹೆಲಿಕಾಪ್ಟರ್ ಓಡಿಸಬಹುದೇ, ಕನ್ನಂಬಾಡಿ ಹಿನ್ನೀರಿನ ಮೇಲೆ ಸೀಪ್ಲೇನ್ ಇಳಿಸಬಹುದೇ, ಬಸ್ಸು ಹತ್ತುವ ಜನ ಅದನ್ನು ಹತ್ತಿಯಾರೇ ಎಂದು ನೋಡಿ ವರದಿ ಬರೆಯಬೇಕು. ಬರೆಯುವವಳು ನಾನು. ನೀವು ಕಾಯುವ ಅಳತೆಗಂಬದ ಹತ್ತು ವರ್ಷದ ನೀರಿನ ಮಟ್ಟ ನನಗೆ ಬೇಕು. ನಿಮ್ಮ ಮೇಲಿನವರ ಅನುಮತಿ ಪತ್ರ ಇದರ ಜೊತೆಗಿದೆ.

ಹೆಲಿಕಾಪ್ಟರಿನಲ್ಲಿ ಒಂದು ಸೀಟು ಯಾವಾಗಲೂ ರೋಗಿಗೆ ಮೀಸಲಿರಬೇಕೆಂದು ನಾನಾಗಿಯೇ ಸೇರಿಸಿದ್ದೇನೆ. ಯಾಕೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಅಮ್ಮನಿಗೆ ಕೊಳಕುಮಂಡಲ ಹಾವು ಕಡಿದ ದಿನ ಅಪ್ಪ ಅವಳನ್ನು ಟ್ರಾಕ್ಟರಿನಲ್ಲಿ ಮಲಗಿಸಿಕೊಂಡು ಹಿನ್ನೀರಿನ ದೋಣಿ ಕಡವಿಗೆ ತಂದು, ನಿಮ್ಮ ಮೋಟಾರ್ ದೋಣಿಗಾಗಿ ಎರಡು ಗಂಟೆ ಕಾದರು. ನೀವು ಬಂದಿದ್ದರೆ ಐದು ಮೈಲಿ ನೀರು, ಆಮೇಲೆ ಹನ್ನೆರಡು ಮೈಲಿ ರಸ್ತೆ, ಮೈಸೂರು. ಬರುತ್ತೇನೆಂದು ಫೋನಿನಲ್ಲಿ ಹೇಳಿದಿರಂತೆ. ಬರಲಿಲ್ಲ. ನಲವತ್ತು ಮೈಲಿ ಸುತ್ತಿಕೊಂಡು ಹೋಗುವಾಗ ಶ್ರೀರಂಗಪಟ್ಟಣದ ಸೇತುವೆಗೆ ಮೊದಲೇ ಅಮ್ಮ ಹೋದಳು. ಮಂಡ್ಯದ ಹಾಸ್ಟೆಲ್ಲಿನಲ್ಲಿದ್ದ ನನಗೆ ಸುದ್ದಿ ಬಂದದ್ದು ಮಾರನೆಯ ದಿನ.

ಮಾರ್ನಮಿಯ ಹಿರಿಯರ ಹಬ್ಬಕ್ಕೆ ನೀವು ಬಸ್ಸಿನಲ್ಲಿ ಕಳಿಸಿದ ಸೀರೆ ಈ ವರ್ಷವೂ ಬಂತು. ಅಪ್ಪ ಅಮ್ಮನ ಎಡೆಗೆ ಇಟ್ಟರು. ಎಡೆಗಿಟ್ಟ ತವರಿನ ಸೀರೆಯನ್ನು ಆಮೇಲೆ ಮಗಳು ಉಡಬೇಕು, ಅದು ನಮ್ಮಲ್ಲಿಯ ಪದ್ಧತಿ. ನಾನು ಉಟ್ಟಿಲ್ಲ, ಉಡುವುದೂ ಇಲ್ಲ. ಪೆಟ್ಟಿಗೆಯಲ್ಲಿ ಹನ್ನೊಂದು ಸೀರೆ ಮಡಿಕೆ ಬಿಚ್ಚದೆ ಬಿದ್ದಿವೆ.

ಇಂತಿ,
ಪವಿತ್ರ ಸಿ.


ಹಿನ್ನೀರಿನ ಅಳತೆ ಕಟ್ಟೆ, ಪಾಂಡವಪುರ ತಾಲ್ಲೂಕು
15 ನವೆಂಬರ್ 1996
ಬೆಳಗಿನ ಮಟ್ಟ: 109 ಅಡಿ 4 ಇಂಚು

ಪವಿತ್ರವ್ವನಿಗೆ,

ಮೇಲೆ ಮಟ್ಟ ಬರೆದದ್ದನ್ನು ನೋಡಿ ನಗಬೇಡ. ಇಪ್ಪತ್ತೊಂಬತ್ತು ವರ್ಷದ ಅಭ್ಯಾಸ, ಮದುವೆಯ ಲಗ್ನಪತ್ರಿಕೆ ಕೊಟ್ಟರೂ ಮೂಲೆಯಲ್ಲಿ ಬರೆದುಬಿಡುತ್ತೇನೆ.

ರಿಜಿಸ್ಟರುಗಳನ್ನು ಪಾಂಡವಪುರಕ್ಕೆ ಹೊತ್ತುಕೊಂಡು ಹೋಗಿ ಜೆರಾಕ್ಸ್ ಮಾಡಿಸಿದ್ದೇನೆ. ಅಂಗಡಿಯವನು ಎರಡು ಸಲ ಮಿಷನ್ನು ಬಿಸಿಯಾಯಿತೆಂದು ಕೂರಿಸಿದ. ಎಂಬತ್ತಾರರಿಂದ ಈಚಿನದೆಲ್ಲ ಇದೆ. ಯಾವ ಹಾಳೆಯನ್ನೂ ತೆಗೆದಿಲ್ಲ.

ವಿಮಾನ ಇಳಿಯಲು ನೀರು ಸಾಕೇ ಎಂಬುದು ನಿನ್ನ ಪ್ರಶ್ನೆ. ಈಗ ಬಂದು ನೋಡಿದರೆ ಸಮುದ್ರವೇ ಎನ್ನುತ್ತೀಯೆ. ಆದರೆ ಮೇ ತಿಂಗಳಲ್ಲಿ ಇದೇ ಜಾಗದಲ್ಲಿ ಜನ ಸೌತೆಬಳ್ಳಿ ಹಾಕಿರುತ್ತಾರೆ. ನೀರು ಎಷ್ಟಿದೆ ಎಂಬುದರ ಜೊತೆಗೆ ನೀರಿನ ಕೆಳಗೆ ಏನಿದೆ ಎಂಬುದನ್ನೂ ಬರೆದುಕೊ. ಹಿಂದೆ ಇಲ್ಲಿ ಊರುಗಳಿದ್ದವು. ನೀರು ನಿಲ್ಲಿಸುವ ಮೊದಲು ಮರಗಳನ್ನು ಕಡಿದರು, ಬೊಡ್ಡೆ ಹಾಗೇ ಉಳಿದವು. ಒಂದು ಗೇಣು ನೀರು ಮೇಲಿದ್ದರೂ ಸಾಕು, ಬೊಡ್ಡೆ ಕಣ್ಣಿಗೆ ಬೀಳುವುದಿಲ್ಲ. ಧನುರ್ಮಾಸದಲ್ಲಿ ಬೆಳಿಗ್ಗೆ ಒಂಬತ್ತರವರೆಗೆ ಮಂಜು, ನನ್ನ ಕಂಬವೇ ನನಗೆ ಕಾಣುವುದಿಲ್ಲ.

ಉಳಿದ ವಿಷಯ ಓದಿದೆ. ನೀನು ಬರೆದದ್ದು ಸರಿಯಾಗಿಯೇ ಇದೆ.

ಸೀರೆಯನ್ನು ಉಡದಿದ್ದರೂ ಪರವಾಗಿಲ್ಲ. ನುಸಿಗುಳಿಗೆ ಹಾಕಿಡು.

ನಿನ್ನ ಮಾವ,
ಮಂಚಯ್ಯ


ಬೆಂಗಳೂರು
9 ಜನವರಿ 1997

ಶ್ರೀ ಮಂಚಯ್ಯನವರಿಗೆ,

ರಿಜಿಸ್ಟರಿನ ಪ್ರತಿಗಳು ತಲುಪಿವೆ. ವಂದನೆಗಳು.

ಎಂಬತ್ತಾರರ ಆಗಸ್ಟ್ ತಿಂಗಳ ಹಾಳೆಗಳನ್ನು ಕೊನೆಗೆ ಇಟ್ಟುಕೊಂಡಿದ್ದೆ. ನೆನ್ನೆ ತೆರೆದೆ. ಆ ದಿನದ ಹಾಳೆಯೂ ಇದೆ. ಹೊಸ ನೀರು ಬರುತ್ತಿದ್ದ ದಿನ, ಗಂಟೆಗೊಂದು ಅಳತೆ. ಬೆಳಿಗ್ಗೆ ಹನ್ನೊಂದರಿಂದ ಸಂಜೆ ಐದರವರೆಗೆ ಏಳು ಅಳತೆ, ಗಂಟೆಗೆ ಸರಿಯಾಗಿ ಎರಡು ಇಂಚು ಏರಿದೆ. ಎಷ್ಟು ದುಂಡಾದ ಅಕ್ಷರ. ಅಪ್ಪ ಕಡವಿನಲ್ಲಿ ನೀರಿನ ಕಡೆ ನೋಡುತ್ತಿದ್ದಾಗ ನೀವೂ ನೀರನ್ನೇ ನೋಡುತ್ತಿದ್ದಿರಿ ಎಂದಾಯಿತು. ಹತ್ತು ವರ್ಷ ಮನಸ್ಸಿನಲ್ಲಿ ಅಂದುಕೊಂಡಿದ್ದಕ್ಕೆ ಈಗ ಕಾಗದದ ದಾಖಲೆ ಸಿಕ್ಕಿತು. ಓದಿ ಸಮಾಧಾನವಾಗುತ್ತದೆ ಅಂದುಕೊಂಡಿದ್ದೆ, ಆಗಲಿಲ್ಲ. ಆಫೀಸಿನ ಬಾತ್‌ರೂಮಿಗೆ ಹೋಗಿ ಅತ್ತು ಬಂದೆ.

ಕೆಲಸದ ವಿಷಯ: ಇಲ್ಲಿ ಎಲ್ಲರಿಗೂ ವರದಿ 'ಆಗುತ್ತದೆ' ಎಂದೇ ಬರಬೇಕು. ನನಗೂ ಹಾಗೇ ಬರೆಯುವ ಆಸೆಯಿದೆ. ನಮ್ಮ ಕಿಕ್ಕೇರಿಯಿಂದ ಮೈಸೂರಿಗೆ ಹೆಲಿಕಾಪ್ಟರಿನಲ್ಲಿ ಇಪ್ಪತ್ತೇ ನಿಮಿಷ. ಆ ಇಪ್ಪತ್ತು ನಿಮಿಷವನ್ನು ನಾನು ನಕ್ಷೆಯ ಮೇಲೆ ಎಷ್ಟು ಸಲ ಅಳೆದಿದ್ದೇನೋ ಲೆಕ್ಕವಿಲ್ಲ.

ಇಂತಿ,
ಪವಿತ್ರ ಸಿ.


ಅಳತೆ ಕಟ್ಟೆ
20 ಜನವರಿ 1997
ಬೆಳಗಿನ ಮಟ್ಟ: 101 ಅಡಿ 2 ಇಂಚು

ಪವಿತ್ರವ್ವನಿಗೆ,

ನೀನು ಹೇಳಿದ ಆ ಏಳು ಅಳತೆಗಳನ್ನು ವರದಿಗೆ ತೆಗೆದುಕೊಳ್ಳಬೇಡ, ಗೀಟು ಹಾಕು. ಅವು ಸರಿಯಿಲ್ಲ. ಬೇರೆ ಯಾವ ದಿನದ್ದಕ್ಕಾದರೂ ನಾನು ಹೊಣೆ. ಆ ಏಳಕ್ಕೆ ಮಾತ್ರ ಅಲ್ಲ. ಕಾರಣ ಈಗ ಕೇಳಬೇಡ.

ಹೆಲಿಕಾಪ್ಟರ್ ವಿಷಯಕ್ಕೆ ನಾನು ಕಂಡದ್ದನ್ನು ಹೇಳುತ್ತೇನೆ. ಹೋದ ವರ್ಷ ಎಲೆಕ್ಷನ್ನಿನಲ್ಲಿ ಕೆ.ಆರ್. ಪೇಟೆ ಮೈದಾನಕ್ಕೆ ಒಂದು ಬಂದಿತ್ತು. ಅದು ಬರುವ ಮೊದಲು ಅದರ ಎಣ್ಣೆ ಪೀಪಾಯಿಯಲ್ಲಿ ತುಂಬಿ ಬೆಂಗಳೂರಿಂದ ಲಾರಿಯಲ್ಲಿ ಬಂತು. ಧೂಳು ಏಳಬಾರದೆಂದು ನೀರು ಹಾಕಲು ಎರಡು ಟ್ಯಾಂಕರು, ದನ ನುಗ್ಗದಂತೆ ಅರವತ್ತು ಪೊಲೀಸರು. ನಾನು ಬಸ್ಸಿನಲ್ಲಿ ಹೋಗಿ, ನೋಡಿ, ಬಸ್ಸಿನಲ್ಲೇ ವಾಪಸು ಬಂದೆ. ಲಾರಿಯವನೂ ನಾನೂ ಒಂದೇ ಹೋಟೆಲಿನಲ್ಲಿ ಇಡ್ಲಿ ತಿಂದೆವು. "ಇದು ಹತ್ತು ನಿಮಿಷ ಆರಾಡೋಕೆ ನಾನು ಅರ್ಧ ದಿನ ಲಾರಿ ಓಡ್ಸಿವ್ನಿ ಕಣಣ್ಣ" ಅಂದ. ಅವನ ಮಾತನ್ನೂ ನಿನ್ನ ಅಂಕಿಗಳ ಜೊತೆ ಇಟ್ಟುಕೊ.

ಮಾವ,
ಮಂಚಯ್ಯ


ಬೆಂಗಳೂರು
3 ಫೆಬ್ರವರಿ 1997

ಶ್ರೀ ಮಂಚಯ್ಯನವರಿಗೆ,

ಕಾರಣ ಕೇಳಬೇಡ ಎಂದರೆ ಹೇಗೆ? ಒಂದು ದಿನದ ಅಳತೆ ಸುಳ್ಳೆಂದು ನೀವೇ ಹೇಳಿದ ಮೇಲೆ ಉಳಿದ ಮೂರೂವರೆ ಸಾವಿರ ದಿನಗಳನ್ನು ನಾನು ಯಾವ ಧೈರ್ಯದಿಂದ ನಂಬಲಿ? ಅದೂ ಬೇರೆ ಯಾವ ದಿನವೂ ಅಲ್ಲ, ಅದೇ ದಿನ. ನೀವು ಕಂಬದ ಹತ್ತಿರ ಇರಲಿಲ್ಲವೆಂದರೆ ಎಲ್ಲಿದ್ದಿರಿ? ಮನೆಯಲ್ಲಿ ಮಲಗಿದ್ದಿರಾ?

ದಯವಿಟ್ಟು ಉತ್ತರ ಬರೆಯಿರಿ. ಬೇಸಿಗೆಯಲ್ಲಿ ತಳ ಕಾಣುವಾಗ ನಾನೇ ಸ್ಥಳಕ್ಕೆ ಬರುತ್ತೇನೆ.

ಪವಿತ್ರ


ಕೆ.ಆರ್.ಎಸ್., ಬಸ್‌ಸ್ಟ್ಯಾಂಡ್ ಎದುರಿನ ಹೋಟೆಲು
18 ಮೇ 1997

ಮಾವ,

ಮೂರು ತಿಂಗಳು ಕಾದೆ, ನಿಮ್ಮ ಕಾಗದ ಬರಲಿಲ್ಲ. ಮೂರು ದಿನದಿಂದ ನಿಮ್ಮ ಕಟ್ಟೆಗೆ ಐದು ಮೈಲಿ ದೂರದಲ್ಲೇ ಇದ್ದೇನೆ. ನಿಮ್ಮನ್ನು ನೋಡಲು ಬರಲಾಗಲಿಲ್ಲ. ಮೊದಲು ಸಿಟ್ಟಿನಿಂದ ಬರಲಿಲ್ಲ, ಇವತ್ತು ನಾಚಿಕೆಯಿಂದ.

ಸೀಪ್ಲೇನ್ ಓಡಬೇಕಾದ ಪಟ್ಟಿಗೆ ಬಾವುಟ ನೆಡುತ್ತಾ ಬೆಳಿಗ್ಗೆ ತಳದ ಮೇಲೆ ನಡೆಯುತ್ತಿದ್ದೆ. ನಮ್ಮ ನಕ್ಷೆಯಲ್ಲಿ ಪಟ್ಟಿಯ ನಟ್ಟನಡುವೆ ಇರುವ ಜಾಗದಲ್ಲಿ ಬೈರಮ್ಮ ಎಂಬ ಅಜ್ಜಿಯ ಸೌತೆಬಳ್ಳಿ ಹಬ್ಬಿದೆ. ಬಾವುಟ ನೆಡಲು ಬಿಡಲಿಲ್ಲ. ಬಳ್ಳಿಯ ನಡುವೆ ಒಂದು ಹುಣಸೆ ಬೊಡ್ಡೆ ಇತ್ತು, ನನ್ನ ಎದೆಯೆತ್ತರಕ್ಕೆ. ಅದರ ಫೋಟೋ ತೆಗೆಯುತ್ತಿದ್ದೆ. ಅಜ್ಜಿ ತಾನಾಗಿಯೇ ಶುರು ಮಾಡಿದಳು.

"ಅದ್ರ ಪೋಟ ತಗೀತಿಯಾ? ತಗಿ. ಬಾಳ ಕೆಟ್ಟ ಬೊಡ್ಡೆ ಅದು. ಇಂದೆ ಒಂದು ಶ್ರಾವಣದಾಗೆ ಗೇಜಿನ ಮಂಚಯ್ಯ ಸರ್ಕಾರಿ ದೋಣಿ ತಂದು ಇದಕ್ಕೇ ಒಡುದ್ಬುಟ್ಟ. ನೀರು ಇದ್ರ ಮ್ಯಾಲೆ ಒಂದು ಗೇಣಿತ್ತು, ಕಾಣಾಕಿಲ್ಲ. ಮೋಟ್ರು ನಿಂತೋಯ್ತು. ನಾವು ದಡದಾಗೆ ನಿಂತ್ಕೊಂಡು ಕೂಗ್ಕೊಂಡೋ, ಅಂತಾ ಗಾಳೀಲಿ ಅರಗೋಲು ಬುಡೋರು ಯಾರವ್ವ? ಆವಯ್ಯ ಕೂರೋ ಹಲಗೆ ಕಿತ್ಕೊಂಡು ಅದ್ರಲ್ಲೇ ಉಟ್ಟಾಕ್ತಾ ಇದ್ದ. ಗಾಳಿ ಇಂದಕ್ಕೆ ತಳ್ಳದು, ಇವ್ನು ಮುಂದಕ್ಕೆ ಒಯ್ತಿದ್ದ. 'ತಂಗಿ ಕಾಯ್ತಾವ್ಳೆ, ತಂಗಿ ಕಾಯ್ತಾವ್ಳೆ' ಅಂತ ಒಂದೇ ಸಮ ಬಡ್ಕೋತಿದ್ದ. ಯಾರ ತಂಗಿಯೋ, ಎಲ್ಲಿ ಕಾಯ್ತಿದ್ಲೋ, ನಮ್ಗೇನು ಗೊತ್ತು."

 ನಾನೇ ಆ ತಂಗಿಯ ಮಗಳು ಎಂದು ಹೇಳದೆ ಬೊಡ್ಡೆಯ ಹತ್ತಿರ ಹೋದೆ. ಬೊಡ್ಡೆಯ ನೆತ್ತಿಯಲ್ಲಿ ಮೋಟಾರಿನ ರೆಕ್ಕೆ ಬಡಿದ ಎರಡು ಕೊಚ್ಚುಗಾಯ ಇವೆ ಮಾವ, ಬೆರಳಿಟ್ಟರೆ ಬೆರಳು ಮುಳುಗುತ್ತದೆ. ಇಟ್ಟು ನೋಡಿದೆ. ಅಜ್ಜಿ ಒಂದು ಸೌತೆಕಾಯಿ ಕೊಟ್ಟು, ಬಿಸಿಲಿನಲ್ಲಿ ಹಿಂಗೆ ನಿಂತರೆ ತಲೆ ಸುತ್ತುತ್ತದೆ ಎಂದು ಗದರಿದಳು.

ನೀವು ಬಂದಿದ್ದಿರಿ. ಹನ್ನೊಂದು ವರ್ಷ ಒಂದು ಮಾತು ಹೇಳಲಿಲ್ಲ. ಯಾಕೆ?

ಪವಿತ್ರ


ಅಳತೆ ಕಟ್ಟೆ
26 ಮೇ 1997
ಬೆಳಗಿನ ಮಟ್ಟ: 79 ಅಡಿ 7 ಇಂಚು

ಪವಿತ್ರವ್ವ,

ನಿನ್ನ ಫೆಬ್ರವರಿ ಕಾಗದಕ್ಕೆ ಆಗಲೇ ಉತ್ತರ ಬರೆಯಬಹುದಿತ್ತು. ಆದರೆ ವಿಷಯ ನನ್ನೊಬ್ಬನದಲ್ಲ, ದೋಣಿಯ ಬೀಗದ ಕೈ ಇಟ್ಟುಕೊಂಡಿದ್ದ ತಮ್ಮಯ್ಯನದೂ ಹೌದು. ಅವನು ದಿನಗೂಲಿಯವನು, ನಾಲ್ಕು ಹೆಣ್ಣುಮಕ್ಕಳು. ಮೇಲಿನವರ ಅಪ್ಪಣೆ ಇಲ್ಲದೆ ನೆರೆಯ ದಿನ ದೋಣಿ ಕೊಟ್ಟದ್ದು ಗೊತ್ತಾದರೆ ಅವನನ್ನು ಮಾರನೆಯ ದಿನವೇ ಕಳಿಸಿಬಿಡುತ್ತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಬೀಗದ ಕೈ ನನ್ನ ಅಂಗೈಯಲ್ಲಿಟ್ಟು, "ಓಗಣ್ಣ, ಸೋಮಕ್ಕುನ್ನ ಕರ್ಕೊಂಡ್ಬಾ" ಎಂದವನು ಅವನು. ಆ ಉಪಕಾರಕ್ಕೆ ನಾನು ಬಾಯಿ ಮುಚ್ಚಿಕೊಂಡಿದ್ದೆ. ಈಗ ಕೆಲಸ ಬಿಟ್ಟು ಬಿಂಡಿಗನವಿಲೆಯಲ್ಲಿ ಕುರಿ ಸಾಕಿಕೊಂಡಿದ್ದಾನೆ. ಹೋಗಿ ಕೇಳಬೇಕು ಎಂದುಕೊಂಡರೂ ಧೈರ್ಯ ಬರದೆ ತಿಂಗಳುಗಳು ಹೋದವು. ನಿನ್ನ ಮೊನ್ನೆಯ ಕಾಗದ ಬಂದ ಮೇಲೆ ಮಾರನೆಯ ದಿನವೇ ನಾಗಮಂಗಲದ ಬಸ್ಸು ಹತ್ತಿದೆ. "ಯೋಳ್ಬುಡಣ್ಣ, ನಂದಿನ್ನೇನು ಕಿತ್ಕೋತಾರೆ, ಕುರೀನಾ?" ಎಂದು ನಕ್ಕ. ಅದಕ್ಕೇ ಈ ಕಾಗದ.

ಹತ್ತರ ಅಳತೆ ಬರೆದು ಹೊರಟೆ. ಬೊಡ್ಡೆಗಳಿರುವ ಜಾಗ ನನಗೆ ಮನೆಯ ಅಂಗಳದಷ್ಟು ಗೊತ್ತು. ಸುತ್ತಿಕೊಂಡು ಹೋಗಬೇಕಿತ್ತು. ಸುತ್ತಿದರೆ ಕಾಲು ಗಂಟೆ ಹೆಚ್ಚು. ಆ ಕಾಲು ಗಂಟೆ ಉಳಿಸಲು ನೇರವಾಗಿ ನುಗ್ಗಿಸಿದೆ. ಹೊಸ ನೀರು ಬೊಡ್ಡೆಯನ್ನು ಮುಚ್ಚಿರುತ್ತದೆ ಎಂದು ಅಳತೆ ಓದುವವನಿಗೇ ಹೊಳೆಯಲಿಲ್ಲ. ಕಡವು ಸೇರಿದಾಗ ಮೂರು ಗಂಟೆ. ಕೆಸರಿನಲ್ಲಿ ಟ್ರಾಕ್ಟರು ತಿರುಗಿದ ಗುರುತಿತ್ತು. ಅದನ್ನು ನೋಡಿ ಅಲ್ಲೇ ಕುಳಿತುಬಿಟ್ಟೆ.

ವಾಪಸು ಹೇಗೆ ಬಂದೆನೋ ಸರಿಯಾಗಿ ನೆನಪಿಲ್ಲ. ಆರು ಗಂಟೆಗೆ ಕಂಬದ ಮುಂದಿದ್ದೆ. ಹತ್ತರ ಮಟ್ಟಕ್ಕೂ ಆರರ ಮಟ್ಟಕ್ಕೂ ಹದಿನಾರು ಇಂಚು ವ್ಯತ್ಯಾಸ. ಎಂಟು ಪಾಲು ಮಾಡಿ ನಡುವಿನ ಏಳು ಗಂಟೆಗೆ ಹಂಚಿದೆ. ನೀರು ಹಾಗೆ ಲೆಕ್ಕದಲ್ಲಿ ಏರುವುದಿಲ್ಲ. ಕಟ್ಟಿಹಾಕಿದ್ದ ದೋಣಿಯ ಮೋಟಾರಿಗೆ ತೇಲಿಬಂದ ಮರ ತಗುಲಿತು ಎಂದು ಬರೆದೆ. ಅದೊಂದೇ ದಿನ ನನ್ನ ಕೈ ಸುಳ್ಳು ಬರೆದದ್ದು.

ನಿಮ್ಮಪ್ಪನಿಗಾದರೂ ಹೇಳಬಹುದಿತ್ತು. ಸಾವಿನ ಮನೆಗೆ ಬಂದಾಗ ಬಾಯಿಗೆ ಬಂದಿತ್ತು. ನೀನು ಬಾಗಿಲಲ್ಲಿ ನಿಂತು, ಯಾಕೆ ಬರಲಿಲ್ಲ ಅಂತ ಕೇಳಿದೆ. ಹದಿನಾರು ವರ್ಷದ ಕೂಸು. ಹೊರಟಿದ್ದೆ ಎಂದರೆ ನಿನಗೆ ಅಮ್ಮ ಸಿಗುತ್ತಿದ್ದಳೇ? ತಲುಪದವನು ಬರಲಿಲ್ಲ ಎಂದರೆ ಅದರಲ್ಲಿ ಸುಳ್ಳೇನಿದೆ ಎಂದುಕೊಂಡು ಸುಮ್ಮನಾದೆ.

ಜುಲೈ ಮೂವತ್ತೊಂದಕ್ಕೆ ನನ್ನ ನಿವೃತ್ತಿ. ನಿನ್ನ ವರದಿಯಲ್ಲಿ ಏನು ಬರೆಯಬೇಕೋ ಬರಿ. ನನ್ನನ್ನು ಉಳಿಸಲು ಹೋಗಬೇಡ.

ಮಾವ,
ಮಂಚಯ್ಯ


ಬೆಂಗಳೂರು
28 ಜೂನ್ 1997

ಮಾವ,

ವರದಿ ಹೋದ ವಾರ ಕೊಟ್ಟೆ. 'ಆಗುವುದಿಲ್ಲ' ಎಂದು ಬರೆದೆ. ನನ್ನ ಮೇಲಿನವರು ಎರಡು ದಿನ ಮಾತಾಡಿಸಲಿಲ್ಲ.

ಸೀಪ್ಲೇನಿಗೆ ವರ್ಷದಲ್ಲಿ ಐದು ತಿಂಗಳು ನೀರು ಸಾಲದು, ಎರಡು ತಿಂಗಳು ಬೆಳಗಿನ ಮಂಜು, ಉಳಿದ ದಿನಗಳಲ್ಲಿ ಬೊಡ್ಡೆ. ಹೆಲಿಕಾಪ್ಟರಿಗೆ ನಾಗಮಂಗಲದಲ್ಲೂ ಕೆ.ಆರ್. ಪೇಟೆಯಲ್ಲೂ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಎಂಟು ನೂರು ಜನರನ್ನು ಕೇಳಿದೆವು. ಹತ್ತುತ್ತೇವೆ ಎಂದವರು ಹನ್ನೊಂದು ಜನ. ಅವರಲ್ಲೂ ಆರು ಮಂದಿ ಒಂದು ಸಲ, ನೋಡೋಕೆ ಅಂದರು. ಟಿಕೆಟ್ಟು ಎಷ್ಟೆಂದು ಹೇಳಿದಾಗ ಒಬ್ಬ ಹೆಂಗಸು, "ಅಷ್ಟಕ್ಕೆ ಒಂದು ಆಲು ಕರೆಯೋ ಅಸಾನೇ ಬತ್ತದಲ್ಲವ್ವ" ಎಂದು ನನ್ನನ್ನೇ ಕನಿಕರದಿಂದ ನೋಡಿದಳು.

ಬಿಡಲಾಗದೆ ಹಿಡಿದುಕೊಂಡಿದ್ದು ಆ ಒಂದು ಸೀಟು. ರೋಗಿಯ ಸೀಟು. ಅದಕ್ಕಾಗಿ ಬೇರೆಲ್ಲ ಅಂಕಿಗಳನ್ನು ಸ್ವಲ್ಪ ಸ್ವಲ್ಪ ಸರಿಸಿದರೆ ವರದಿ 'ಆಗುತ್ತದೆ' ಎಂದಾಗುತ್ತಿತ್ತು. ಸರಿಸಿಯೂ ನೋಡಿದೆ. ಆಮೇಲೆ ಅಮ್ಮ ಹೋದ ದಿನದ ಹವಾಮಾನದ ಹಾಳೆ ತರಿಸಿದೆ. ಮೋಡ ತೀರಾ ಕೆಳಗಿತ್ತು, ಗಾಳಿ ಬೈರಮ್ಮ ಹೇಳಿದಷ್ಟೇ ಇತ್ತು. ಕಂಪನಿಯ ಪೈಲಟ್ಟಿಗೆ ತೋರಿಸಿ, ಇಂಥ ದಿನ ಹೊರಡುತ್ತೀರಾ ಅಂತ ಕೇಳಿದೆ. ಅವರು ಹಾಳೆಯನ್ನು ಪೂರ್ತಿ ಓದದೆಯೇ ತಲೆ ಅಲ್ಲಾಡಿಸಿದರು.

ಅಂದರೆ ಆ ದಿನ ಹೆಲಿಕಾಪ್ಟರ್ ಇದ್ದಿದ್ದರೂ ಮೇಲೇಳುತ್ತಿರಲಿಲ್ಲ, ಸೀಪ್ಲೇನ್ ಇಳಿಯುತ್ತಿರಲಿಲ್ಲ. ಆ ಗಾಳಿಯಲ್ಲಿ ಅಮ್ಮನಿಗಾಗಿ ಹೊರಟವರು ನೀವೊಬ್ಬರೇ.

ವರದಿಯ ಕೊನೆಗೆ ಯಾರೂ ಕೇಳದ ಒಂದು ಪುಟ ಸೇರಿಸಿದ್ದೇನೆ. ಹೋಬಳಿಗೊಂದು ಕಡೆ ಹಾವಿನ ಚುಚ್ಚುಮದ್ದು, ಅದನ್ನು ಇಡಲು ಒಂದು ಫ್ರಿಜ್ಜು, ಮಳೆಯಲ್ಲೂ ಓಡುವ ಒಂದು ವ್ಯಾನು. ವಿಮಾನ ಕಂಪನಿಯವರು ಆ ಪುಟವನ್ನು ಓದುವುದಿಲ್ಲ ಎಂದು ಗೊತ್ತು. ಅದರ ಪ್ರತಿಯನ್ನು ಜಿಲ್ಲೆಯವರಿಗೆ ನಾನೇ ಕಳಿಸಿದ್ದೇನೆ.

ಅಳತೆಗಳನ್ನು ಎಂಬತ್ತೇಳರಿಂದಲೇ ಶುರು ಮಾಡಿದ್ದೇನೆ. ಎಂಬತ್ತಾರರ ಹಾಳೆ ವರದಿಯಲ್ಲಿ ಇಲ್ಲ, ಯಾರೂ ನೋಡುವುದಿಲ್ಲ. ನೆಮ್ಮದಿಯಿಂದ ನಿವೃತ್ತಿಯಾಗಿ.

ನಿಮ್ಮ,
ಪವಿತ್ರ


ಪಾಂಡವಪುರ
1 ಆಗಸ್ಟ್ 1997

ಪವಿತ್ರವ್ವ,

ಇಂದಿನ ಮಟ್ಟ ಗೊತ್ತಿಲ್ಲ. ಬೆಳಿಗ್ಗೆ ಆರಕ್ಕೆ ಎದ್ದು ಚಪ್ಪಲಿ ಮೆಟ್ಟಿ, ಬಾಗಿಲವರೆಗೆ ಹೋಗಿ, ನಿನ್ನತ್ತೆ ನಕ್ಕಮೇಲೆ ವಾಪಸು ಬಂದೆ.

ನೀನು ನನ್ನನ್ನು ಉಳಿಸಿದೆ. ಬೇಡ ಅಂದಿದ್ದೆ. ನಿನ್ನೆ ಹೊಸಬನಿಗೆ ರಿಜಿಸ್ಟರು ಒಪ್ಪಿಸುವಾಗ ಎಂಬತ್ತಾರರ ಪುಸ್ತಕ ತೆಗೆದು, ಆ ಏಳು ಅಳತೆಗಳ ಪಕ್ಕ ಕೆಂಪು ಮಸಿಯಲ್ಲಿ ಬರೆದೆ: 'ಇವು ನೋಡಿ ಬರೆದವಲ್ಲ. ಈ ಹೊತ್ತಿನಲ್ಲಿ ನಾನು ಸ್ಥಳದಲ್ಲಿರಲಿಲ್ಲ. ತಂಗಿಯನ್ನು ಕರೆತರಲು ಹೋಗಿದ್ದೆ.' ಕೆಳಗೆ ರುಜು, ತಾರೀಖು. ತಮ್ಮಯ್ಯನ ಹೆಸರು ಬರೆಯಲಿಲ್ಲ.

ಇಂಜಿನಿಯರು ಚಿಕ್ಕ ವಯಸ್ಸಿನವರು. ಓದಿ, "ಮಂಚಯ್ಯನೋರೆ, ಇದನ್ನ ಮೇಲಕ್ಕೆ ಕಳಿಸ್ಬೇಕಾಗುತ್ತೆ, ಪಿಂಚಣಿ ನಿಲ್ಲಬೌದು. ಹಾಳೆ ಅಂಗೇ ಮುಚ್ಚಿಟ್ಬುಡಿ" ಎಂದರು. ಕಳಿಸಿ ಸ್ವಾಮಿ ಅಂದೆ. ನೀರಿನ ಪುಸ್ತಕದಲ್ಲಿ ಸುಳ್ಳು ಇರಬಾರದು. ಅಲ್ಲದೆ ನಾನು ಸೋಮಿಗಾಗಿ ಹೋಗಿದ್ದೆ ಎಂದು ಬರೆದಿರುವುದು ಈ ಲೋಕದಲ್ಲಿ ಅದೊಂದೇ ಕಡೆ.

ಮಾರ್ನಮಿಗೆ ಸೀರೆ ಎಂದಿನಂತೆ ಕೆ.ಆರ್. ಪೇಟೆ ಬಸ್ಸಿನ ಕಂಡಕ್ಟರ್ ಕೈಲಿ ಕಳಿಸುತ್ತೇನೆ.

ಮಾವ,
ಮಂಚಯ್ಯ


ಕಿಕ್ಕೇರಿ
21 ಸೆಪ್ಟೆಂಬರ್ 1997

ಮಾವ,

ರಜೆ ಹಾಕಿ ಊರಿಗೆ ಬಂದಿದ್ದೇನೆ. ಅಪ್ಪನಿಗೆ ಎಲ್ಲವನ್ನೂ ಓದಿ ಹೇಳಿದೆ, ಬೊಡ್ಡೆಯ ಫೋಟೋ ತೋರಿಸಿದೆ. ಫೋಟೋವನ್ನು ಮಂಡಿಯ ಮೇಲಿಟ್ಟುಕೊಂಡರು. ಆಮೇಲೆ ಅಂದರು: "ಎರಡು ಗಂಟೆ ಕಾದು ನಾನೇ ಟ್ರಾಕ್ಟ್ರು ತಿರುಗುಸ್ಬುಟ್ಟೆ ಕಣವ್ವ. ಇನ್ನಷ್ಟು ಕಾಯ್ದೆ ಒಂಟೋದ ತಪ್ಪು ನನ್ನದೋ, ಕಾಯ್ತಾ ಕುಂತ ತಪ್ಪು ನನ್ನದೋ ಅಂತ ಇವತ್ತಿಗೂ ತಿಳೀದು. ಅವ್ನು ಬರ್ನಿಲ್ಲ ಅಂತ ಬಯ್ಕೊಂಡಿದ್ರೆ ಅದನ್ನ ಯೋಚ್ನೆ ಮಾಡಂಗಿರ್ನಿಲ್ಲ." ನನಗೂ ಹಾಗೇ ಆಗಿತ್ತೆಂದು ಕಾಣುತ್ತದೆ.

ಪೆಟ್ಟಿಗೆ ತೆಗೆದೆ. ಹನ್ನೊಂದು ಸೀರೆಯನ್ನೂ ಬಿಸಿಲಿಗೆ ಹರಡಿದೆ. ನೀವು ಮೊದಲ ವರ್ಷ ಕಳಿಸಿದ ಹಸಿರು ಸೀರೆ ಮಡಿಕೆಯಲ್ಲಿ ಸ್ವಲ್ಪ ಸೀಳಿದೆ. ಅದನ್ನೇ ಉಟ್ಟುಕೊಂಡು ಈ ಕಾಗದ ಬರೆಯುತ್ತಿದ್ದೇನೆ.

ಅಮ್ಮನಿಗೆ ಮಾರ್ನಮಿ ಅಮಾವಾಸ್ಯೆಯ ದಿನ ಎಡೆ. ಈ ಸಲ ಸೀರೆಯನ್ನು ಬಸ್ಸಿನವರ ಕೈಲಿ ಕಳಿಸಬೇಡಿ. ನೀವೇ ತನ್ನಿ. ಎಷ್ಟು ಹೊತ್ತಾದರೂ ಸರಿ, ನೀವು ಬಂದ ಮೇಲೆಯೇ ಎಡೆ ಇಡುತ್ತೇವೆ. ಕಾಯುತ್ತಿರುತ್ತೇವೆ.

ನಿಮ್ಮ ಸೋಮಿಯ ಮಗಳು,
ಪವಿತ್ರ